ಉಂಡರೆ ನೋವು

ಚನ್ನಗಿರಿ
೧೨ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ನಿರ್ಮಲಾ,

ಹೇಗಿದ್ದೀಯ? ಸೊಕ್ಕೆಯಲ್ಲಿ ನಿಮ್ಮ ಅಕ್ಕ ಬೊಮ್ಮಕ್ಕನ ಮನೆಯಲ್ಲಾದರೂ ನಿದ್ದೆ ಬರುತ್ತಿದೆಯೇ? ಏನಾದರೂ ಉಂಡೆಯಾ? ಉಂಡಿರುವುದಿಲ್ಲ ಎಂದು ಗೊತ್ತು, ಆದರೂ ಕೇಳದೆ ಇರಲಾರೆ. ರೊಟ್ಟಿ ಸ್ವಲ್ಪ ತಡವಾದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ ನಿನ್ನ ಗಂಡ ಈಗ ತಾನೇ ಅನ್ನ ಬೇಯಿಸಿ, ಸೀದ ಪಾತ್ರೆಯನ್ನು ತಾನೇ ತಿಕ್ಕುವುದು ಕಲಿತಿದ್ದಾನೆ. ನಿನ್ನ ಹೊಲಿಗೆ ಮಿಷನ್ ಮೇಲೆ ಯಾರದೋ ಬ್ಲೌಸು ಅರ್ಧಕ್ಕೆ ನಿಂತಿದೆ. ಫೋನಿನಲ್ಲಿ ಎರಡು ಮಾತಿಗೇ ನಾನು ಅಳುತ್ತೇನೆ, ನೀನು ಕಟ್ ಮಾಡುತ್ತೀಯ. ಅದಕ್ಕೇ ಅಕ್ಕನ ಮಗ ಓಂಕಾರನ ಕೈಯಲ್ಲಿ ಈ ಪತ್ರ. ದಯವಿಟ್ಟು ಪೂರ್ತಿ ಓದು.

ಶನಿವಾರ ದಾವಣಗೆರೆಗೆ ಹೋಗಿ ಡಾಕ್ಟರನ್ನು ಮತ್ತೆ ಕಂಡೆ. ಮಗಳು ಪೂಜಾ ಕೂಡ ಹೊನ್ನಾಳಿಯಿಂದ ಬಂದಿದ್ದಳು. ನಿನ್ನ ಸಣ್ಣಕರುಳಿನ ಗಡ್ಡೆ ಕಡಲೆಕಾಳಿನಷ್ಟಿದೆ. ಇಷ್ಟಕ್ಕೆ ಹೊಟ್ಟೆ ಕೊಯ್ಯಬೇಕೇ ಎಂದು ನೀನು ಕೇಳಿದ್ದನ್ನೇ ನಾನೂ ಕೇಳಿದೆ. "ಗಡ್ಡೆ ಸಣ್ಣದೇ ಐತ್ರೀ, ಅದು ಮಾಡಿರೋ ಕೆಲ್ಸ ದೊಡ್ಡದೈತೆ" ಎಂದರು. ಅದು ಸುಮ್ಮನೆ ಕೂರುವ ಗಡ್ಡೆಯಲ್ಲವಂತೆ. ಸೆರೊಟೋನಿನ್ ಮುಂತಾದ ರಸಗಳನ್ನು ಬಿಡುತ್ತದೆ. ಅವು ತಾಗಿದಲ್ಲಿ ದೇಹವು ಗಾಯವಾಗಿದೆ ಎಂದುಕೊಂಡು ನಾರು ಕಟ್ಟುತ್ತಲೇ ಹೋಗುತ್ತದೆ. ಗಾಯವೇ ಇಲ್ಲ, ಕಲೆ ಮಾತ್ರ ಬೆಳೆಯುತ್ತದೆ. ಮಿಷನ್ ದಾರ ಬಿಗಿಯಾದರೆ ಬಟ್ಟೆ ಮುದುಡುತ್ತದಲ್ಲ, ಹಾಗೆ ಕರುಳನ್ನು ಹಿಡಿದಿರುವ ಪೊರೆ ಮುದುಡಿ, ಕರುಳನ್ನೇ ಎಳೆದು ಮಡಚಿದೆ. ಆ ಪೊರೆಯ ರಕ್ತನಾಳಗಳೂ ಹಿಂಡಿಕೊಂಡಿವೆ. ಲಿವರಿನಲ್ಲಿ ಒಂದೆರಡು ಚುಕ್ಕೆಗಳಿವೆ, ಅದಕ್ಕೆ ತಿಂಗಳಿಗೊಂದು ಇಂಜೆಕ್ಷನ್ ಕೊಡುತ್ತಾರೆ. ನಾನು ಚೇಷ್ಟೆ ಮಾಡಿದಾಗ ನಿನ್ನ ಮುಖ ಕೆಂಪೇರುತ್ತಿತ್ತಲ್ಲ, ಅದೂ ಆ ರಸದ ಕೆಲಸವೇ ಇರಬಹುದಂತೆ. ಈ ವಯಸ್ಸಿನಲ್ಲೂ ಹೆಂಡತಿಯನ್ನು ನಾಚಿಸುತ್ತೇನೆಂದು ಬೀಗುತ್ತಿದ್ದೆ. ಅದನ್ನೂ ಕಿತ್ತುಕೊಂಡಿತು ಹಾಳು ಗಡ್ಡೆ.

ಈಗ ನಿನ್ನ ಉಪವಾಸದ ಮಾತು. "ಉಂಡ್ರೆ ನೋವು, ಬಿಟ್ರೆ ಇಲ್ಲ. ದೇವ್ರು ಇನ್ನೆಂಗೆ ಹೇಳ್ಬೇಕ್ರೀ?" ಎಂದು ಶ್ರಾವಣ ಮುಗಿಯುವ ತನಕ ಬರೀ ಹಾಲು, ಹಣ್ಣಿನ ಹರಕೆ ಹೊತ್ತು ಹೋದೆ. ನನಗೂ ಆಗ ನಿಜವೆನಿಸಿತ್ತು. ಆದರೆ ಉಂಡಾಗ ಕರುಳಿಗೆ ಹೆಚ್ಚು ರಕ್ತ ಬೇಕು, ಹಿಂಡಿದ ನಾಳದಲ್ಲಿ ಅದು ಬರುವುದಿಲ್ಲ, ಆ ನೋವು ಅದು. ಉಣ್ಣದಿದ್ದರೆ ಕರುಳು ರಕ್ತ ಕೇಳುವುದಿಲ್ಲ, ನೋವಿಲ್ಲ. ನೀನು ವಾಸಿಯಾಗುತ್ತಿಲ್ಲ ನಿರ್ಮಲಾ, ಸವೆಯುತ್ತಿದ್ದೀಯ. "ಚಿಕ್ಕಮ್ಮನ ಬಳೆ ಮೊಣಕೈಗಂಟ ಜಾರ್ತಾವೆ" ಎಂದು ಓಂಕಾರ ಹೇಳಿದ. ಕರುಳು ಯಾವತ್ತು ಬೇಕಾದರೂ ಕಟ್ಟಿಕೊಳ್ಳಬಹುದಂತೆ. ನಿನ್ನ ದೇವರ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಹೊರಟೆ. ಸಿಟ್ಟಿದೆ, ಸುಳ್ಳೇಕೆ?

ಪೂರ್ತಿ ವಾಸಿಯೆಂದು ಡಾಕ್ಟರು ಮಾತು ಕೊಡಲಿಲ್ಲ. ಮಡಚಿದ ಕರುಳನ್ನು ಸರಿಪಡಿಸಿದರೆ ನೋವಿಲ್ಲದೆ ಉಣ್ಣಬಹುದು ಎಂದರು. ನನಗೆ ಅಷ್ಟೇ ಸಾಕು, ನೀನು ಎದುರಿಗೆ ಕೂತು ಒಂದು ತುತ್ತು ಉಂಡರೆ ಸಾಕು. ಗುರುವಾರ ಆಸ್ಪತ್ರೆಗೆ ಸೇರಿಸಬೇಕು. ನಾಳೆ ಓಂಕಾರ ಜಗಳೂರಿನಲ್ಲಿ ಬಸ್ ಹತ್ತಿಸುತ್ತಾನೆ, ದಾವಣಗೆರೆ ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಹರಕೆ ಅರ್ಧಕ್ಕೆ ಬಿಟ್ಟರೆ ಮಗಳಿಗೆ ಕೇಡಾಗುತ್ತದೆಂಬ ನಿನ್ನ ಭಯ ನನಗೆ ಗೊತ್ತು. ಆದರೂ ಕೈಮುಗಿದು ಕೇಳುತ್ತೇನೆ, ಬಾ.

ಬೊಮ್ಮಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ದಾರಿ ಕಾಯುವ,
ಮಹೇಶ್ವರಪ್ಪ

ತಾ.ಕ.: ಓಂಕಾರ ಬೈಕ್ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಅನ್ನ ಬೇಯಿಸುತ್ತೇನೆ ಎಂದು ಬರೆದದ್ದು ನಿನ್ನೆಗಿಂತ ಮೊದಲಿನ ಮಾತು. ನಿನ್ನೆ ಬೆಳಿಗ್ಗೆ ಮಿಂದು, ನಿನ್ನ ಹರಕೆಯ ಉಳಿದ ದಿನಗಳನ್ನು ನಾನು ಹೊರುತ್ತೇನೆಂದು ದೇವರ ಮುಂದೆ ಹೇಳಿಕೊಂಡಿದ್ದೇನೆ. ಇನ್ನು ಅದು ಮುರಿಯುವುದಿಲ್ಲ. ಶ್ರಾವಣ ಮುಗಿದರೂ, ಆಪರೇಷನ್ ಆಗಿ ನಿನ್ನ ಬಾಯಿಗೆ ಗಂಜಿ ಬೀಳುವ ತನಕ ನಾನೂ ಅನ್ನ ಮುಟ್ಟುವುದಿಲ್ಲ. ನನಗೆ ಹಸಿವು ತಡೆಯಲಾಗುವುದಿಲ್ಲ, ನಿನಗೆ ಗೊತ್ತು. ಬೇಗ ಬಾ.