ಮಣ್ಣು ಕುಸಿಯುವ ಮುಂಚಿನ ಸದ್ದು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂರುವುದು, ಏಳುವುದು, ಇದೇ ಆಗಿ ಇವತ್ತು ಹಟ ಹಿಡಿದು ಕೂತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ಬೆನ್ನುನೋವು ಹೇಗಿದೆ? ಪುಟ್ಟಿ ತನ್ನ ಬಿದ್ದ ಹಲ್ಲು ಕಳೆದುಹೋಯಿತೆಂದು ಇಡೀ ಮನೆ ಹುಡುಕಿಸಿದಳಂತಲ್ಲ, ಥೇಟ್ ಅವರಪ್ಪನದೇ ಬುದ್ಧಿ.

ತಡವಾದದ್ದಕ್ಕೆ ಒಂದು ಕೆಲಸ ಕಾರಣ. ಪೈಪು ಹೂಳಲು ತೋಡಿದ ಕಂದಕಕ್ಕೆ ಇಳಿಯುವವರು ಹೇಗೆ ಎಚ್ಚರವಾಗಿರಬೇಕು ಎಂದು ಕಾರ್ಮಿಕರ ಸಂಘದವರು ಒಂದು ವಿಡಿಯೋ ಮಾಡಿಸಿದ್ದಾರೆ. ಚಿತ್ರ ತೆಗೆಯುವಾಗ ಹಿಡಿದ ಸದ್ದೆಲ್ಲ ಗಾಳಿಗೆ ಕೆಟ್ಟುಹೋಗಿತ್ತು. ಹೊಸದಾಗಿ ಸದ್ದು ಕೂಡಿಸಿಕೊಡಿ ಎಂದು ನನ್ನ ಹತ್ತಿರ ತಂದರು. ನಾನು ಯಾರ ತಂಗಿ ಎಂದು ಅವರಿಗೆ ಗೊತ್ತಿರಲಿಲ್ಲ. ಆಗುವುದಿಲ್ಲ ಎನ್ನಲು ಬಾಯಿ ತೆರೆದವಳು ಆಗಲಿ ಎಂದುಬಿಟ್ಟೆ.

ನನ್ನ ಕೆಲಸ ನೀವು ನೋಡಿಲ್ಲ. ಸ್ಯಾಂಪ್ಲರ್ ಎಂಬ ಪೆಟ್ಟಿಗೆಯ ಮೇಲೆ ರಬ್ಬರಿನ ಪ್ಯಾಡುಗಳ ಸಾಲಿರುತ್ತದೆ. ನಾನೇ ಹಿಡಿದಿಟ್ಟ ಸದ್ದುಗಳನ್ನು ಒಂದೊಂದಕ್ಕೂ ತುಂಬುತ್ತೇನೆ: ಹೆಜ್ಜೆ, ಸಲಿಕೆ, ಸರಪಳಿ, ಉಸಿರು. ಪರದೆಯ ಮೇಲೆ ಚಿತ್ರ ಓಡುತ್ತಿದ್ದ ಹಾಗೆ ವಾದ್ಯ ನುಡಿಸಿದಂತೆ ಬೆರಳಾಡಿಸುತ್ತ ಹೋಗಬೇಕು, ಅದು ಹಾಗೇ ರೆಕಾರ್ಡ್ ಆಗುತ್ತದೆ. ಮೆಲ್ಲಗೆ ಒತ್ತಿದರೆ ಸಣ್ಣಗೆ, ಗುದ್ದಿದರೆ ಜೋರಾಗಿ. ಅಣ್ಣ ಒಮ್ಮೆ ಬಂದು ನೋಡಿ, ಚಿಕ್ಕವಳಿದ್ದಾಗ ತಟ್ಟೆ ಬಡಿದು ಅಮ್ಮನ ಹತ್ತಿರ ಏಟು ತಿನ್ನುತ್ತಿದ್ದವಳಿಗೆ ಈಗ ಅದಕ್ಕೇ ಸಂಬಳ ಕೊಡುತ್ತಾರಲ್ಲ ಎಂದು ನಕ್ಕಿದ್ದ.

ಮಣ್ಣು ಬೀಳುವ ಸದ್ದು ಸುಲಭವಾಗಿಯೇ ಬಂತು. ವಿಡಿಯೋದ ನಿರ್ದೇಶಕರು ಮೆಚ್ಚಿಕೊಂಡರು. ಆದರೆ ನೋಡಿ ಒಪ್ಪಲು ಸಂಘದವರು ಕಳಿಸಿದ್ದು ಯಾರನ್ನು ಗೊತ್ತೇ? ಮಣ್ಣು ಕುಸಿದ ಆ ದಿನ ಅಣ್ಣನ ಜೊತೆ ಕಂದಕದಲ್ಲಿದ್ದ ಮೇಸ್ತ್ರಿಯನ್ನು. ಆಮೇಲೆ ಮನೆಗೆ ಬಂದು, ಒಳಗೆ ಬರದೆ ಬಾಗಿಲಲ್ಲೇ ನಿಂತು ಹೋದರಲ್ಲ, ಅವರು. ನನ್ನ ಗುರುತು ಹತ್ತಿದ್ದೇ ತಡ, ಬಂದ ಕಾಲಲ್ಲೇ ಹೊರಟರು. ನಾನೇ ತಡೆದು ಕೂರಿಸಿದೆ.

ಅವರು ಪೂರ್ತಿ ನೋಡಿ ತಲೆಯಾಡಿಸಿದರು. “ಬಿದ್ದ ಸದ್ದು ಕೇಳಿಸಿ ಏನು ಮಾಡೋದು ತಂಗಿ? ಅಷ್ಟು ಹೊತ್ತಿಗೆ ಎಲ್ಲಾ ಮುಗಿದಿರುತ್ತೆ. ಅದಕ್ಕೆ ಮುಂಚೆ ಒಂದು ಬರುತ್ತೆ. ಅದನ್ನ ಕೇಳಿಸಿ.”

ಮೊದಲು ತೂತಾದ ಚೀಲದಿಂದ ಕಾಳು ಸೋರಿದ ಹಾಗೆ, ಆಮೇಲೆ ಗೋಡೆಯ ಒಳಗೆಲ್ಲೋ ಒದ್ದೆ ಬಟ್ಟೆ ಹರಿದ ಹಾಗೆ ಎಂದರು. ಕಾಗದದ ಮೇಲೆ ಮರಳು ಸುರಿದೆ. ಹಳೆಯ ಹೊದಿಕೆಯನ್ನು ನೆನೆಸಿ ಹರಿದೆ. ಎಲ್ಲವನ್ನೂ ಪ್ಯಾಡುಗಳಿಗೆ ತುಂಬಿ ನುಡಿಸಿದೆ. ಅವರು ಕಣ್ಣು ಮುಚ್ಚಿ ಕೂತು ಜೋರಾಯಿತು, ಇನ್ನೂ ಮೆತ್ತಗೆ, ಇನ್ನೂ ಒಳಗಿನಿಂದ ಎನ್ನುತ್ತಲೇ ಇದ್ದರು. ಫ್ಯಾನು ಆರಿಸಿದೆ. ಬೆರಳು ಪ್ಯಾಡಿಗೆ ತಾಗಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ನುಡಿಸಿದೆ. ಹಾಗೆ ನುಡಿಸುತ್ತಿದ್ದಾಗ ಕುರ್ಚಿ ಉರುಳಿದ ಸದ್ದಾಯಿತು. ತಿರುಗಿ ನೋಡಿದರೆ ಮೇಸ್ತ್ರಿ ಬಾಗಿಲ ಹತ್ತಿರವಿದ್ದರು, ಕೈ ಚಿಲಕದ ಮೇಲಿತ್ತು. ಯಾವಾಗ ಎದ್ದರೆಂದು ಅವರಿಗೂ ತಿಳಿದಿರಲಿಲ್ಲ.

“ಇದೇ,” ಎಂದರು.

ಇಷ್ಟು ಸಣ್ಣ ಸದ್ದು ಯಾರಿಗೆ ಕೇಳುತ್ತದೆ, ಹೆಚ್ಚಿಸಿ ಎಂದು ನಿರ್ದೇಶಕರು ತಕರಾರು ತೆಗೆದರು. ಕೇಳದಿದ್ದರೆ ಮತ್ತೆ ಹಾಕಿ, ಹೆಚ್ಚಿಸಲು ಮಾತ್ರ ಬಿಡುವುದಿಲ್ಲ ಎಂದೆ. ಈಗ ಕೆಲಸಕ್ಕೆ ಇಳಿಯುವ ಮೊದಲು ಎಲ್ಲರನ್ನೂ ಕೂರಿಸಿ ವಿಡಿಯೋದ ಆ ಭಾಗವನ್ನು ಮತ್ತೆ ಮತ್ತೆ ಕೇಳಿಸುತ್ತಾರಂತೆ.

ಪುಟ್ಟಿಗೆ ಹೊಸ ಹಲ್ಲು ನೆಟ್ಟಗೆ ಬರಲಿ. ನಿಮಗೆ ಕಣ್ತುಂಬ ನಿದ್ದೆ ಬರಲಿ. ದೂರದಿಂದಲೇ ಆದರೂ ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ನಾದಿನಿ

ತಾ. ಕ.: ಅಣ್ಣನಿಗೆ ಏನೂ ತಿಳಿಯುವ ಮೊದಲೇ ಎಲ್ಲ ಮುಗಿಯಿತು ಎಂದು ನಿಮಗೆ ಸಮಾಧಾನ ಹೇಳಿದ್ದೆವು. ಹಾಗಲ್ಲವಂತೆ ಅತ್ತಿಗೆ, ಮೇಸ್ತ್ರಿಯೇ ಹೇಳಿದರು. ಆ ಸದ್ದು ಮೊದಲು ಕೇಳಿದ್ದು ಅವನೇ. ಏಣಿ ಅವನ ಕೈಗೇ ಹತ್ತಿರವಿತ್ತಂತೆ. “ನೀವು ಹತ್ತಿ, ನಾನು ಬಂದೆ” ಎಂದು ಮೇಸ್ತ್ರಿಯನ್ನು ಮೇಲೆ ತಳ್ಳಿದನಂತೆ. ಕೇಳಿದವರೆಲ್ಲ ಅವನನ್ನು ಹೊಗಳುತ್ತಾರೆ. ನನಗೆ ಸಿಟ್ಟು ಬರುತ್ತಿದೆ. ಆ ಮನುಷ್ಯ ಅಳುತ್ತಿದ್ದರೂ, ನೀವಾದರೂ ಉಳಿದಿರಲ್ಲ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ನಿಮಗೂ ಅಣ್ಣನ ಮೇಲೆ ಸಿಟ್ಟು ಬಂದರೆ ಬರೆಯಿರಿ. ಒಬ್ಬಳೇ ಸಿಟ್ಟು ಹೊತ್ತುಕೊಂಡಿರಲು ನನ್ನಿಂದ ಆಗುತ್ತಿಲ್ಲ.