ಹೊಸ್ತಿಲು ದಾಟದ ಸರ್ಟಿಫಿಕೇಟು

ಬೋಳಾರ, ಮಂಗಳೂರು
೨೦-೧೧-೧೯೪೬

ಪ್ರೀತಿಯ ಪ್ರೇಮನಾಥಣ್ಣನಿಗೆ ತಂಗಿ ಕುಮುದಿನಿಯ ನಮಸ್ಕಾರ.

ನಿನ್ನ ಕೆಮ್ಮು ಹೇಗುಂಟು? ಮುಂಬಯಿ ಹಡಗುಕಟ್ಟೆಯ ಧೂಳು ಕುಡಿದು ಮದ್ದು ಮರೆಯಬೇಡ. ನಾನು ಎಂಟು ತಿಂಗಳ ಹೊಟ್ಟೆ ಹೊತ್ತು ಮನೆ ತುಂಬ ತಿರುಗುತ್ತಿದ್ದೇನೆ, ಕೂತಲ್ಲಿ ಕೂರಲಾಗುವುದಿಲ್ಲ. ಮಗುವಿನ ದೆಸೆಯಿಂದಲ್ಲ, ಕರೆಂಟಿನ ದೆಸೆಯಿಂದ.

ನೀನು ಕಟ್ಟಿಸಿದ ಹಿಂದಿನ ಕೋಣೆ ಮುಗಿದಿದೆ. ಹೆರಿಗೆ, ಬಾಣಂತನ ಎಲ್ಲ ಅಲ್ಲೇ ಎಂದು ಅಮ್ಮ ಹೇಳಿದ್ದಾಳೆ. ಮೂಲೆಯಲ್ಲಿ ನನ್ನ ಬಿಸಿನೀರಿಗೆ ಬಚ್ಚಲೂ ಉಂಟು. ಕರೆಂಟಿನ ಕೆಲಸದ ಬೊನಿಫಾಸ್ ವಯರಿಂಗ್ ಚೆನ್ನಾಗಿಯೇ ಮಾಡಿಹೋಗಿದ್ದ. ಆಮೇಲೆ ತುಕ್ರ ಮಾವನಿಗೆ ತೊಲೆಯ ಮೇಲೆ ಬಲೆ ಹಾಕಲು ಜಾಗ ಬೇಕಾಯಿತು. ವಯರು ಕತ್ತರಿಸಿ, ಪಕ್ಕಕ್ಕೆ ಸರಿಸಿ ಮತ್ತೆ ಸೇರಿಸಿ, ಬಲೆನೂಲಿನಿಂದ ಬಿಗಿದು ಮೀನೆಣ್ಣೆ ಹಚ್ಚಿದರು. "ದೋಣಿಗೆ ಹಚ್ಚಿದರೆ ಸಮುದ್ರವೇ ಒಳಗೆ ಬರುವುದಿಲ್ಲ, ಈ ಕರೆಂಟು ಎಂತ ಹೊರಗೆ ಬರ್ತದೆ ಮಾರಾಯ್ತಿ?" ಎಂದರು. ಈಗ ಅದೇ ಗಂಟಿನ ಮೇಲೆ ಉಪ್ಪುನೀರು ಸುರಿಯುವ ಬಲೆ ನೇತಾಡುತ್ತದೆ. ಗೋಡೆಗೂ ಒದ್ದೆ ನೆಲಕ್ಕೂ ಕರೆಂಟು ಇಳಿದೀತು ಎಂದು ಬೊನಿಫಾಸ್ ಹೇಳಿದ್ದಕ್ಕೆ, ನನ್ನ ಗಂಟು ಬಿಚ್ಚುವವ ಇನ್ನೂ ಹುಟ್ಟಿಲ್ಲ ಎಂದು ಅವನನ್ನು ಓಡಿಸಿದರು. ಅಮ್ಮನ ಅಣ್ಣ, ಮನೆಯ ಯಜಮಾನರಲ್ಲವೇ, ಎದುರಾಡುವವರು ಯಾರು?

ಪರೀಕ್ಷೆಗೆ ಬರುವ ಕರೆಂಟು ಕಂಪೆನಿಯ ಇನ್ಸ್‌ಪೆಕ್ಟರನಾದರೂ ತಪ್ಪು ಹಿಡಿಯುತ್ತಾನೆಂದು ಕಾದೆ. ಅವನು ಅಂಗಳದ ಒಣಮೀನು ನೋಡಿ ಗೇಟಿನಲ್ಲೇ ನಿಂತ. ಮೂಗಿಗೆ ಕರವಸ್ತ್ರ. ಎಲ್ಲ ಸರಿ ಉಂಟಲ್ಲ ಎಂದು ಅಲ್ಲಿಂದಲೇ ಕೇಳಿದ, ಉಂಟು ಎಂದರು ಮಾವ. ಪರೀಕ್ಷೆಯ ಯಂತ್ರ ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ಸರ್ಟಿಫಿಕೇಟು ಮಾತ್ರ ಬಂತು. ಎದುರಿನ ವಕೀಲರ ಮನೆಯಲ್ಲಿ ಚಪ್ಪಲಿ ಕಳಚಿ ಒಳಗೆ ಹೋಗಿ ಒಂದೊಂದು ಸ್ವಿಚ್ಚನ್ನೂ ಮುಟ್ಟಿ ನೋಡಿದವ ಇವನೇ. ಮಾರ್ಕೆಟಿನಲ್ಲಿ ಅಮ್ಮನ ಬುಟ್ಟಿಯಿಂದ ಅಂಜಲ್ ಮೀನು ಆರಿಸಿ ಕೊಳ್ಳುವವನೂ ಇವನೇ. ನಮ್ಮ ಮೀನು ಅವನ ಅಡುಗೆಮನೆಗೆ ಹೋಗಬಹುದು, ಅವನ ಕಾಲು ನಮ್ಮ ಹೊಸ್ತಿಲು ದಾಟಬಾರದು!

ಅಮ್ಮ ಆ ಕಾಗದಕ್ಕೆ ಕುಂಕುಮವಿಟ್ಟು ದೇವರ ಪಟದ ಪಕ್ಕ ಸಿಕ್ಕಿಸಿದಳು. ನಾನು ಅದನ್ನು ಕಿತ್ತುಕೊಂಡು ಕಂಪೆನಿಯ ಆಫೀಸಿಗೆ ಹೋದೆ. ಗುಮಾಸ್ತ ನಕ್ಕ.

"ಸರ್ಟಿಫಿಕೇಟು ಸಿಕ್ಕಿತಲ್ಲಮ್ಮಾ, ಇನ್ನೆಂತ ಬೇಕು?"

"ಕಾಗದ ನೀವೇ ಇಟ್ಟುಕೊಳ್ಳಿ. ನಮಗೆ ಪರೀಕ್ಷೆ ಬೇಕು."

ಕನೆಕ್ಷನ್ ನಿನ್ನ ಹೆಸರಿನಲ್ಲಿ ಇರುವುದರಿಂದ ನೀನೇ ಬರೆದು ಕೇಳಬೇಕಂತೆ. ಹೆಂಗಸಿನ ಬಾಯಿಮಾತು ನಡೆಯುವುದಿಲ್ಲವಂತೆ. ಮುಂಬಯಿಯ ಯೂನಿಯನ್ ಸಭೆಯಲ್ಲಿ ನೀನು ಕೂಲಿಗಳ ಪ್ರಾಣದ ಬೆಲೆಯ ಮೇಲೆ ಭಾಷಣ ಮಾಡುತ್ತೀಯಂತೆ. ಅದರಲ್ಲಿ ನಾಲ್ಕು ಸಾಲು ಈ ಕಂಪೆನಿಗೂ ಬರೆ. ದಯವಿಟ್ಟು, ಪ್ರಾರ್ಥನೆ ಎಂದೆಲ್ಲ ಬರೆಯಬೇಡ. ಒಳಗೆ ಬಂದು ನೋಡಿ ಎಂದು ಬರೆ. ಮಾವನಿಗೂ ಒಂದು ಕಾಗದ ಹಾಕು. ನಿನ್ನ ಮಾತಿಗಾದರೂ ಆ ಗಂಟು ಸಡಿಲವಾದೀತು. ಶುಕ್ರವಾರ ಒಳ್ಳೆಯ ದಿನವೆಂದು ಅವರೇ ಸ್ವಿಚ್ಚು ಒತ್ತುವವರಿದ್ದಾರೆ.

ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ ತಂಗಿ,
ಕುಮುದಿನಿ

ಮರೆತೆ: ಮುಂಬಯಿ ಸ್ಟೀಮರಿಗೆ ಹೊರಟ ಸೈಮನ್ ಈ ಕಾಗದಕ್ಕಾಗಿ ಬಾಗಿಲಲ್ಲಿ ಕಾಯುತ್ತಿದ್ದಾನೆ. ಅವನು ಕೊಡುವ ಒಣ ಸಿಗಡಿಯ ಪೊಟ್ಟಣವನ್ನು ಜಾಗ್ರತೆಯಿಂದ ಬಿಚ್ಚು, ಅಡಿಯಲ್ಲಿ ಹೊಸ ಕೋಣೆಯ ಫ್ಯೂಸು ಉಂಟು. ಅದಿಲ್ಲದೆ ಶುಕ್ರವಾರ ಸ್ವಿಚ್ಚು ಒತ್ತಿದರೂ ಕರೆಂಟು ಬರುವುದಿಲ್ಲ. ಮಾವನಿಗೆ ಗೊತ್ತಿಲ್ಲ. ಗಂಟು ಬಿಚ್ಚದೆ ಬೇರೆ ಫ್ಯೂಸು ಕೊಡುವುದಿಲ್ಲವೆಂದು ಬೊನಿಫಾಸ್ ಮಾತು ಕೊಟ್ಟಿದ್ದಾನೆ. ಇನ್ಸ್‌ಪೆಕ್ಟರ್ ಹೊಸ್ತಿಲು ದಾಟುವವರೆಗೆ ಅದು ನಿನ್ನಲ್ಲೇ ಇರಲಿ. ಅಷ್ಟರೊಳಗೆ ನೋವು ಬಂದರೆ ಚಿಮಿಣಿ ದೀಪದಲ್ಲೇ ಹೆರುತ್ತೇನೆ.