ಅಕ್ಕ ಬೇಡವೆಂದ ಲಸಿಕೆ

ಸೋಮವಾರ, ೩ನೇ ತಾರೀಕು

ಗುಬ್ಬೀ, ಹೇಗಿದ್ದೀಯೇ? ಉಬ್ಬಸವಿಲ್ಲದೆ ಉಸಿರು ಸರಾಗವಾಗಿದೆಯೇ?

ನಿನ್ನ ಕಾಗದ ಶನಿವಾರ ಕೈಸೇರಿತು. ಫೋನಿನಲ್ಲಿ ಮಾತಾಡಿದರೆ ಪಕ್ಕದಲ್ಲೇ ಮಲಗಿರುವ ಅಮ್ಮನ ಕಿವಿಗೆ ಬೀಳುತ್ತದೆ ಎಂದು ಕಾಗದ ಹಾಕಿದೆಯಲ್ಲ, ಜಾಣೆ. ಅವಳ ರಕ್ತದ ಕಾಯಿಲೆಗೆ ಕೊಡುವ ಔಷಧದ ನಾಲ್ಕನೆಯ ಸುತ್ತು ಮುಗಿಯಿತು. ಊಟ ಸೇರುವುದಿಲ್ಲ. ಆದರೆ ನನ್ನನ್ನು ಬಯ್ಯುವಷ್ಟು ತ್ರಾಣ ಬಂದಿದೆ, ಹಾಗಾಗಿ ಸುಧಾರಿಸಿದ್ದಾಳೆ ಅಂತಲೇ ಅಂದುಕೊಂಡಿದ್ದೇನೆ. ಡಾಕ್ಟರು ಮೊನ್ನೆಯೂ ಅದೇ ಮಾತು ಹೇಳಿದರು: ಹೊಸ ಜ್ವರದ ಲಸಿಕೆ ಹಾಕಿಸಿಕೊಳ್ಳದವರು ಅವಳ ಕೋಣೆಯ ಹೊಸ್ತಿಲು ದಾಟುವ ಹಾಗಿಲ್ಲ, ಹೆತ್ತ ಮಗಳಾದರೂ ಸರಿಯೇ.

ಆ ಲಸಿಕೆ ನಿನ್ನ ಮೈಗೆ ಒಗ್ಗುತ್ತದೆಯೇ ಎಂದು ಕೇಳಿದ್ದೀಯ. ಹತ್ತೊಂಬತ್ತು ವರ್ಷದಿಂದ ಆರೋಗ್ಯ ಕೇಂದ್ರದ ಲಸಿಕೆ ಕೊಠಡಿಯಲ್ಲಿ ಕೂತಿದ್ದೇನೆ. ಬೆಳಿಗ್ಗೆ ಸಂಜೆ ಫ್ರಿಜ್ಜಿನ ಉಷ್ಣಾಂಶ ಬರೆಯುವವಳೂ ನಾನೇ, ಬಂದವರ ಹೆಸರು ಬರೆದು ಬೆಂಚಿನ ಮೇಲೆ ಕೂರಿಸುವವಳೂ ನಾನೇ. ಅಷ್ಟು ಕಂಡವಳಾಗಿ ಹೇಳುತ್ತೇನೆ, ಬೇಡ. ಕಡಲೆಬೀಜದ ಪುಡಿ ತಾಕಿದರೂ ತುಟಿ ಊದಿಸಿಕೊಳ್ಳುವವಳು ನೀನು. ಏಳನೇ ವಯಸ್ಸಿನಲ್ಲಿ ಕಣಜ ಕಚ್ಚಿದಾಗ ಒಂದು ಸಲ, ಹದಿನಾಲ್ಕರಲ್ಲಿ ಗಂಟಲು ಬೇನೆಗೆ ಇಂಜೆಕ್ಷನ್ ಕೊಟ್ಟಾಗ ಇನ್ನೊಂದು ಸಲ, ಹೋದೆಯಾ ಅಂದರೆ ಹೋದೆ ಅನ್ನುವ ಸ್ಥಿತಿ ತಲುಪಿದವಳು. ಈ ಲಸಿಕೆ ಬಂದು ಆರು ತಿಂಗಳೂ ಆಗಿಲ್ಲ. ನಮ್ಮಲ್ಲೇ ಹೋದ ತಿಂಗಳು ಒಬ್ಬಾಕೆಗೆ ಮೈತುಂಬ ದದ್ದೆದ್ದು ಆಂಬುಲೆನ್ಸ್ ಕರೆಸಬೇಕಾಯಿತು. ಆ ಜಾಗದಲ್ಲಿ ನಿನ್ನನ್ನು ನೆನೆಸಿಕೊಳ್ಳಲೂ ನನಗೆ ಧೈರ್ಯವಿಲ್ಲ.

ಆಗಿನ ಇಂಜೆಕ್ಷನ್ ಯಾವುದೆಂದು ಬರೆದಿರುವ ಆಸ್ಪತ್ರೆ ಚೀಟಿ ಬೇಕು ಅಂದಿದ್ದೀಯ. ಮನೆಯೆಲ್ಲ ಜಾಲಾಡಿದೆ, ಸಿಗಲಿಲ್ಲ. ಇಷ್ಟು ವರ್ಷದ ಕಾಗದ, ಎಲ್ಲಿ ಹೋಯಿತೋ.

ಅಮ್ಮನ ಚಿಂತೆ ಬಿಡು. ನಾನಿದ್ದೇನೆ.

ನಿನ್ನ ಒಳಿತನ್ನೇ ಬಯಸುವ
ಅಕ್ಕ


ಮಂಗಳವಾರ, ೧೧ನೇ ತಾರೀಕು

ಅಕ್ಕಾ,

ನಿನ್ನ ಕಾಗದ ಎರಡು ಸಲ ಓದಿದೆ. ನೀನು ಬೇಡ ಅಂದ ಮೇಲೆ ಬೇಡ. ಈ ವಿಷಯ ಇನ್ನು ಯಾರನ್ನೂ ಕೇಳುವುದಿಲ್ಲ.

ಇಲ್ಲಿ ಕನ್ನಡಕದ ಅಂಗಡಿಯಲ್ಲಿ ಎಲ್ಲರದ್ದೂ ಲಸಿಕೆ ಆಯಿತು, ನನ್ನದೊಂದು ಬಿಟ್ಟು. ಗಿರಾಕಿಗಳ ಎದುರಿಗೆ ಬರಬೇಡ ಎಂದು ಯಜಮಾನರು ನನ್ನನ್ನು ಹಿಂದಿನ ಕೋಣೆಗೆ ಹಾಕಿದ್ದಾರೆ. ದಿನವಿಡೀ ಗಾಜು ಉಜ್ಜುತ್ತೇನೆ. ಹೊಸ ಕನ್ನಡಕ ಹಾಕಿಕೊಂಡ ಕ್ಷಣ ಜನರ ಮುಖ ಅರಳುವುದನ್ನು ನೋಡುವುದೇ ಈ ಕೆಲಸದಲ್ಲಿ ನನಗಿದ್ದ ಖುಷಿ. ಈಗ ಅವರ ದನಿ ಮಾತ್ರ ಕೇಳುತ್ತದೆ. ಇರಲಿ, ಅದೇನು ದೊಡ್ಡ ಕಷ್ಟವಲ್ಲ.

ನಾನು ಯಾಕೆ ಬರುತ್ತಿಲ್ಲ ಎಂದು ಅಮ್ಮ ಕೇಳಿದರೆ ನಿನಗೆ ಹೇಗೆ ಸರಿ ತೋರುತ್ತದೋ ಹಾಗೆ ಹೇಳು. ಅವಳನ್ನು ನೋಡಿಕೊಳ್ಳುತ್ತಿರುವವಳು ನೀನು. ನಿನ್ನ ಮಾತಿಗೆ ನಾನು ಎದುರಾಡುವುದಿಲ್ಲ.

ಗುಬ್ಬಿ


ಸೋಮವಾರ, ೨೪ನೇ ತಾರೀಕು

ಗುಬ್ಬೀ,

ಇದನ್ನು ಒಂದು ಕಡೆ ಕೂತು ಓದು. ಓದಿದ ಮೇಲೆ ನನ್ನ ಜೊತೆ ಮಾತು ಬಿಟ್ಟರೂ ನನ್ನ ತಕರಾರಿಲ್ಲ.

ನಾನು ನಿನಗೆ ಸುಳ್ಳು ಬರೆದೆ. ಚೀಟಿ ಕಳೆದಿರಲಿಲ್ಲ. ನಿನ್ನ ಕಾಗದ ಬಂದ ದಿನವೇ ಸಿಕ್ಕಿತ್ತು. ಸಿಕ್ಕಿದ್ದನ್ನು ತೆಗೆದು ನನ್ನ ಬಟ್ಟೆಗಳ ಅಡಿಯಲ್ಲಿ ಸೇರಿಸಿಟ್ಟೆ. ಆಂಬುಲೆನ್ಸ್ ಕರೆಸಿದ್ದು ನಿಜ. ಆದರೆ ಆಕೆ ಅದೇ ಸಂಜೆ ಗಂಡನ ಜೊತೆ ನಡೆದುಕೊಂಡು ಮನೆಗೆ ಹೋದಳು ಎಂಬುದನ್ನು ಬರೆಯಲಿಲ್ಲ. ಅಲರ್ಜಿ ಇರುವವರಿಗಾಗಿ ಬಂದ ಸೂಚನೆಯನ್ನು ನಮ್ಮ ಕೊಠಡಿಯ ಗೋಡೆಗೆ ಅಂಟಿಸಿದವಳೇ ನಾನು. ತಿನ್ನುವ ಪದಾರ್ಥದ್ದೋ ಹುಳ ಕಚ್ಚಿದ್ದೋ ಅಲರ್ಜಿಯಾದರೆ ಈ ಲಸಿಕೆಗೆ ಅಡ್ಡಿಯಿಲ್ಲ, ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು ನೋಡಬೇಕು. ಹಿಂದೆ ಇಂಜೆಕ್ಷನ್ನಿನಿಂದ ತೊಂದರೆ ಆಗಿದ್ದರೆ, ಅದರಲ್ಲಿದ್ದದ್ದು ಇದರಲ್ಲಿಲ್ಲ ಎಂದು ಅಲರ್ಜಿ ಡಾಕ್ಟರು ಮೊದಲು ಖಚಿತ ಮಾಡಿಕೊಳ್ಳಬೇಕು. ಇಷ್ಟೇ. ದಿನಕ್ಕೆ ಹತ್ತು ಜನರಿಗೆ ಬಾಯಿಪಾಠ ಒಪ್ಪಿಸುವುದನ್ನು ನಿನಗೊಬ್ಬಳಿಗೆ ಹೇಳಲಿಲ್ಲ.

ಯಾಕೆ ಅಂದರೆ ಹೊಟ್ಟೆಕಿಚ್ಚು. ಇದಕ್ಕಿಂತ ಮರ್ಯಾದೆಯ ಪದ ಹುಡುಕಿದೆ, ಸಿಗಲಿಲ್ಲ.

ಕಣಜ ಕಚ್ಚಿದ ಮೇಲೆ ನಿನ್ನನ್ನು ಆಸ್ಪತ್ರೆಯಿಂದ ಕರೆತಂದ ದಿನ ನಿನಗೆ ನೆನಪಿರಲಿಕ್ಕಿಲ್ಲ. ಅಮ್ಮ ನನ್ನ ಹಾಸಿಗೆಯನ್ನು ಸುತ್ತಿ ನಡುಮನೆಗೆ ಹಾಕಿದಳು. ಅವಳ ಪಕ್ಕದ ಜಾಗ ನಿನಗಾಯಿತು. ನಿನ್ನ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತ ಮಲಗುತ್ತಿದ್ದಳು. ನನಗಾಗ ಹತ್ತು ವರ್ಷ. ಒಂದು ಬೆಳಿಗ್ಗೆ ಬಟ್ಟೆ ಉಜ್ಜುವ ಬ್ರಷ್ಷಿನಿಂದ ಎರಡೂ ತೋಳನ್ನು ಕೆಂಪಗಾಗುವ ತನಕ ತಿಕ್ಕಿಕೊಂಡು, ‘ಅಮ್ಮಾ, ನಂಗೂ ದದ್ದು ಬಂದಿದೆ ನೋಡು’ ಎಂದು ಅವಳ ಮುಂದೆ ನಿಂತೆ. ಅವಳು ಒಂದು ಸಲ ನೋಡಿದಳು, ನಕ್ಕಳು. ‘ನಿಂಗೇನಾಗತ್ತೆ ಹೋಗೇ, ಕಲ್ಲುಗುಂಡಿನ ಹಾಗಿದೀಯ’ ಅಂದಳು. ಮೆಚ್ಚುಗೆಯಿಂದಲೇ ಅಂದದ್ದು. ಅವತ್ತಿನಿಂದ ನಾನು ಕಲ್ಲುಗುಂಡು. ಜ್ವರ ಬಂದರೂ ಬಾಯಿಬಿಡುತ್ತಿರಲಿಲ್ಲ. ಕಲ್ಲುಗುಂಡಿಗೆ ಎಲ್ಲಿಯ ಜ್ವರ?

ಈಗ ಎಂಟು ತಿಂಗಳಿಂದ ಅಮ್ಮ ನನ್ನೊಬ್ಬಳ ಕೈಯಲ್ಲಿದ್ದಾಳೆ. ಸ್ನಾನ ಮಾಡಿಸುವುದು ನಾನು, ಗಂಜಿ ಕುಡಿಸುವುದು ನಾನು, ಉದುರಿದ ಕೂದಲನ್ನು ದಿಂಬಿನಿಂದ ಆರಿಸುವುದು ನಾನು. ಎಷ್ಟೋ ವರ್ಷಗಳ ಮೇಲೆ ಅವಳ ಪಕ್ಕದ ಜಾಗ ಮತ್ತೆ ನನ್ನದಾಯಿತು ಅಂದುಕೊಂಡೆ. ನೀನು ಬಂದು ಕಿಟಕಿಯ ಆಚೆ ನಿಂತು ಮಾತಾಡಿಸಿ ಹೋದೆಯಲ್ಲ, ಅವತ್ತು ಬೆಳಿಗ್ಗೆಯೇ ಎದ್ದು ಕೂತು ಒಳ್ಳೆಯ ಬಟ್ಟೆ ತೆಗೆಸಿದಳು. ತಲೆಗೆ ಸ್ಕಾರ್ಫು ಹೀಗೆ ಕಟ್ಟು, ಹಾಗೆ ಕಟ್ಟು ಎಂದು ಮೂರು ಸಲ ಬಿಚ್ಚಿಸಿದಳು. ದಿನಾ ಮುಖ ನೋಡುವ ನನಗಾಗಿ ಅವಳು ಒಂದು ಗುಂಡಿಯನ್ನೂ ಸರಿಯಾಗಿ ಹಾಕಿಕೊಂಡವಳಲ್ಲ. ನೀವಿಬ್ಬರೂ ಗಾಜಿನ ಎರಡೂ ಕಡೆ ಕೈಯಿಟ್ಟು ನಿಂತಾಗ ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಆ ಗಾಜು ಅಲ್ಲೇ ಇರಲಿ ಎಂದು ಆಗ ನನಗೆ ಅನಿಸಿದ್ದು ನಿಜ. ಆಮೇಲೆ ನಿನ್ನ ಕಾಗದ ಬಂತು. ಗಾಜು ಇರಬೇಕೋ ಬೇಡವೋ ಎಂದು ನೀನು ನನ್ನನ್ನೇ ಕೇಳಿದ ಹಾಗಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಹೋದ ವಾರ ಮಧ್ಯಾಹ್ನ ಗಂಜಿ ಕುಡಿಸುವಾಗ ಅಮ್ಮ, ‘ಗುಬ್ಬಿ ಯಾಕೆ ಬರಲ್ಲ? ಎಲ್ಲರಿಗೂ ಸೂಜಿ ಹಾಕ್ತಿದಾರಂತಲ್ಲ’ ಎಂದು ಕೇಳಿದಳು. ನಾನು ಚಮಚವನ್ನೇ ನೋಡುತ್ತ, ‘ಅವಳಿಗೆ ಬರೋ ಮನಸ್ಸಿಲ್ಲ ಅನ್ಸತ್ತೆ ಕಣಮ್ಮ’ ಅಂದುಬಿಟ್ಟೆ.

ಅವಳು ಜಗಳವಾಡುತ್ತಾಳೆ, ನಿನ್ನ ಪರ ವಹಿಸುತ್ತಾಳೆ ಅಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವಳು ನಂಬಿದಳು ಗುಬ್ಬಿ. ‘ನೀನು ಸುಳ್ಳು ಹೇಳೋಳಲ್ಲ’ ಅಂದಳು. ಗೋಡೆ ಕಡೆ ತಿರುಗಿಕೊಂಡಳು. ಅವತ್ತು ತಿನ್ನಲಿಲ್ಲ, ಮರುದಿನವೂ ತಿನ್ನಲಿಲ್ಲ. ಮೂರನೆಯ ದಿನ ಮಾತ್ರೆ ನುಂಗಲೂ ಬಾಯಿ ತೆರೆಯಲಿಲ್ಲ. ಅವಳ ಪಕ್ಕದಲ್ಲಿ ನಾನೊಬ್ಬಳೇ ಕೂತಿದ್ದೆ, ನಾನು ಬಯಸಿದ ಹಾಗೆಯೇ.

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಚೀಟಿ ಹಿಡಿದುಕೊಂಡು ಇಲ್ಲಿಯ ಅಲರ್ಜಿ ಡಾಕ್ಟರ ಹತ್ತಿರ ಹೋದೆ. ಅವರು ಲಸಿಕೆಯಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದನ್ನೂ ಬೆರಳಿಟ್ಟು ನೋಡಿದರು. ‘ಆ ಇಂಜೆಕ್ಷನ್‌ದು ಇದರಲ್ಲಿ ಏನೂ ಇಲ್ಲ. ಆದ್ರೆ ನಿಮ್ಮ ತಂಗೀನ ನೋಡದೆ ನಾನು ಹೂಂ ಅನ್ನಲ್ಲ. ಅವರ ಊರಲ್ಲೇ ದೊಡ್ಡ ಆಸ್ಪತ್ರೇಲಿ ತೋರಿಸ್ಲಿ, ಅಲ್ಲೇ ಹಾಕಿಸ್ಕೊಳ್ಲಿ’ ಅಂದರು. ಅಪಾಯ ಇಲ್ಲವೇ ಇಲ್ಲ ಎಂದು ಯಾರೂ ಬರೆದುಕೊಡುವುದಿಲ್ಲವಂತೆ. ತೀರಾ ಅಪರೂಪಕ್ಕೆ ಆದರೂ ಮೊದಲ ಅರ್ಧ ಗಂಟೆಯಲ್ಲೇ ಆಗುವುದು ಹೆಚ್ಚಂತೆ, ಪಕ್ಕದಲ್ಲೇ ಔಷಧ ಇರುತ್ತದಂತೆ. ಜ್ವರವೇ ಬಂದರೆ ನಿನ್ನ ಉಬ್ಬಸಕ್ಕೆ ಅದು ಇದಕ್ಕಿಂತ ದೊಡ್ಡ ಅಪಾಯ ಎಂದೂ ಹೇಳಿದರು. ನಾನು ನಿನಗೆ ಬೇಡ ಎಂದು ಬರೆಯುವಾಗ ಆ ಕಡೆ ಯೋಚನೆಯನ್ನೇ ಮಾಡಿರಲಿಲ್ಲ.

ಮನೆಗೆ ಬಂದವಳೇ ಅಮ್ಮನಿಗೆ ಎಲ್ಲ ಹೇಳಿದೆ. ಚೀಟಿ, ಕಾಗದ, ಚಮಚ ನೋಡುತ್ತ ಹೇಳಿದ ಮಾತು, ಎಲ್ಲ. ಅವಳು ಗೋಡೆಯ ಕಡೆಯಿಂದ ನನ್ನ ಕಡೆ ತಿರುಗಿದಳು. ಆಮೇಲೆ, ‘ಮೊದ್ಲು ಅವಳಿಗೆ ಬರಿ. ಬರೆದಾದ್ಮೇಲೆ ನನ್ನ ಹತ್ರ ಬಂದು ಕೂತ್ಕೊ’ ಅಂದಳು. ಅವತ್ತು ಸಂಜೆ ಅರ್ಧ ಬಟ್ಟಲು ಗಂಜಿ ಕುಡಿದಳು. ಬರೆದು ಹರಿದು, ಬರೆದು ಹರಿದು ಈ ಕಾಗದ ಇವತ್ತಿಗೆ ಮುಗಿಯಿತು.

ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಹಾಕಿಸಿಕೋ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಆ ಹಕ್ಕನ್ನು ನಾನೇ ಕಳೆದುಕೊಂಡಿದ್ದೇನೆ. ಡಾಕ್ಟರನ್ನು ಕೇಳು, ನಿನ್ನ ಮನಸ್ಸನ್ನು ಕೇಳು. ಹಾಕಿಸಿಕೊಂಡರೂ ಬಿಟ್ಟರೂ ಅಮ್ಮನಿಗೆ ನಿಜ ಗೊತ್ತಿದೆ.

ಹೊಟ್ಟೆಕಿಚ್ಚು ತೀರಿತು ಎಂದು ಬರೆದರೆ ಅದೂ ಸುಳ್ಳಾದೀತು. ನೀನು ಒಳಗೆ ಬಂದ ದಿನ ಅವಳು ಹೊಸ ಬಟ್ಟೆ ಕೇಳುತ್ತಾಳೆ, ನನಗೆ ಉರಿಯುತ್ತದೆ. ಉರಿಯಲಿ. ಬಾಗಿಲು ತೆಗೆಯುವವಳು ಮಾತ್ರ ನಾನೇ ಆಗಿರುತ್ತೇನೆ.

ತಪ್ಪಿತಸ್ಥಳು,
ಅಕ್ಕ


ಮಂಗಳವಾರ, ೧೫ನೇ ತಾರೀಕು

ಅಕ್ಕಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದದ್ದು ಸಿಟ್ಟಿನಿಂದ. ಬರೆದಿದ್ದರೆ ಕೆಟ್ಟದಾಗಿ ಬರೆಯುತ್ತಿದ್ದೆ. ಫೋನಿನಲ್ಲೂ ಅಮ್ಮನ ಜೊತೆ ಮಾತ್ರ ಮಾತಾಡಿ ಇಟ್ಟೆ. ನಿನಗೆ ಗೊತ್ತಾಗಿರುತ್ತದೆ.

ನಿನ್ನೆ ಹಾಕಿಸಿಕೊಂಡೆ.

ಇಲ್ಲಿಯ ಅಲರ್ಜಿ ಡಾಕ್ಟರು ಚೀಟಿ ನೋಡಿ, ‘ಇದೇ ಬೇಕಿತ್ತು, ಇದ್ದ ಒಂದು ಅನುಮಾನನೂ ಹೋಯ್ತು’ ಅಂದರು. ಒಟ್ಟಿಗೆ ಹಾಕದೆ ಮೊದಲು ಒಂದಿಷ್ಟು ಹಾಕಿ, ಕಾದು ನೋಡಿ, ಉಳಿದದ್ದನ್ನು ಆಮೇಲೆ ಹಾಕಿದರು. ನನ್ನ ಪಕ್ಕ ಟ್ರೇಯಲ್ಲಿ ಅಲರ್ಜಿ ಏರಿದರೆ ಚುಚ್ಚುವ ಅಡ್ರಿನಲಿನ್ ಸೂಜಿ, ಮೂಗಿಗೆ ಹಿಡಿಯುವ ಆಕ್ಸಿಜನ್, ಎಲ್ಲ ಜೋಡಿಸಿಟ್ಟಿದ್ದರು. ಎರಡನೆಯ ಸೂಜಿಯಾದ ಹನ್ನೆರಡನೇ ನಿಮಿಷಕ್ಕೆ ಗಂಟಲು ಬಿಗಿದ ಹಾಗಾಯಿತು. ಆಯಿತು ನನ್ನ ಕಥೆ ಅಂದುಕೊಂಡೆ. ಸಿಸ್ಟರು ಓಡಿ ಬಂದು ನಾಲಿಗೆ ನೋಡಿದರು, ರಕ್ತದೊತ್ತಡ ನೋಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟರು. ‘ಅಲರ್ಜಿ ಅಲ್ಲ ತಾಯಿ, ಹೆದರಿಕೆ. ಇದಕ್ಕೆ ನಮ್ಮಲ್ಲಿ ಔಷಧ ಇಲ್ಲ, ಬಿಸಿನೀರು ಬೇಕಾದ್ರೆ ಕೊಡ್ತೀನಿ’ ಅಂದರು. ನಾನು ನಕ್ಕೆ. ನಕ್ಕಾಗ ಗಂಟಲು ಬಿಟ್ಟುಕೊಂಡಿತು. ಎರಡು ಗಂಟೆ ಕೂರಿಸಿ ಕಳಿಸಿದರು. ಇವತ್ತು ತೋಳು ನೋಯುತ್ತಿದೆ, ಅಷ್ಟೇ. ನಾಲ್ಕು ವಾರಕ್ಕೆ ಇನ್ನೊಂದು, ಅದಾಗಿ ಎರಡು ವಾರಕ್ಕೆ ಅಮ್ಮನ ಡಾಕ್ಟರು ಒಳಗೆ ಬಿಡುತ್ತಾರಂತೆ.

ಒಂದು ಮಾತು ಹೇಳುತ್ತೇನೆ, ನಿನ್ನನ್ನು ಸಮಾಧಾನ ಮಾಡುವುದಕ್ಕಲ್ಲ. ಆ ದಿನ ಕಿಟಕಿಯ ಹತ್ತಿರ ನೀನು ಅಡುಗೆಮನೆಯಿಂದ ವಾಪಸು ಬಂದ ಮೇಲೆ ಅಮ್ಮನಿಗೆ ಸುಸ್ತಾಯಿತು. ಅವಳು ನನ್ನನ್ನೇ ನೋಡುತ್ತ, ತಿರುಗಿಯೂ ನೋಡದೆ ಪಕ್ಕಕ್ಕೆ ಕೈ ಚಾಚಿದಳು. ಅಲ್ಲಿ ನಿನ್ನ ಭುಜವಿತ್ತು. ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಾನು ಬಸ್ಸಿನಲ್ಲಿ ಊರಿಗೆ ಮರಳುವವರೆಗೂ ಅದನ್ನೇ ನೆನೆದು ಅತ್ತೆ. ನನ್ನನ್ನು ಅವಳು ಯಾವತ್ತೂ ಹಾಗೆ ಹಿಡಿದವಳಲ್ಲ. ಒಡೆದು ಹೋಗುವ ಸಾಮಾನಿನ ಹಾಗೆ ಹಿಡಿದಳು. ಉರಿ ನಿನಗೊಬ್ಬಳಿಗೇ ಎಂದು ತಿಳಿಯಬೇಡ.

ಸಿಟ್ಟು ಇನ್ನೂ ಇದೆ. ಬಂದಾಗ ಎದುರಿಗೇ ಬಯ್ಯುತ್ತೇನೆ. ಸಾಕಷ್ಟು ಸಮಯ ಇಟ್ಟುಕೊಂಡೇ ಬರುತ್ತೇನೆ.

ನಿನ್ನ
ಗುಬ್ಬಿ

ಮತ್ತೆ: ನಿನಗೆ ಮೊದಲ ಕಾಗದ ಬರೆಯುವ ಹಿಂದಿನ ವಾರವೇ ನಾನು ಇದೇ ಡಾಕ್ಟರ ಹತ್ತಿರ ಹೋಗಿ ಬಂದಿದ್ದೆ. ಚೀಟಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಪರೀಕ್ಷೆ ಮಾಡಿ ಹಾಕಬಹುದು ಎಂದು ಆಗಲೇ ಅವರು ಹೇಳಿದ್ದರು. ಲಸಿಕೆಯ ವಿಷಯ ನಿನ್ನನ್ನು ಕೇಳುವ ಅಗತ್ಯವೇ ಇರಲಿಲ್ಲ. ನಾನು ಬರುವುದು ನಿನಗೆ ಇಷ್ಟವೋ ಇಲ್ಲವೋ ಎಂದು ನೇರವಾಗಿ ಕೇಳಲು ಬಾಯಿ ಬರಲಿಲ್ಲ, ಅದಕ್ಕೆ ಲಸಿಕೆಯ ನೆಪ ಮಾಡಿ ಕೇಳಿದೆ. ಬೇಡ ಎಂದು ನೀನು ಬರೆದಾಗ ನನಗೆ ಉತ್ತರ ಸಿಕ್ಕಿತ್ತು.